ಹ್ಯಾಮ್ ರೇಡಿಯೋ ಇರುವ ಮನೆಗೆ ಯಾವ ವ್ಯಾಯಾಮದ ಮೆಷಿನ್? ಟ್ರೆಡ್‌ಮಿಲ್ಲೋ, ಸೈಕಲ್ಲೋ?

ಕೊಡಗಿನಲ್ಲಿ ಜೂನ್ ಬಂತೆಂದರೆ ಬೆಳಗಿನ ವಾಕಿಂಗ್ ನಿಂತ ಹಾಗೆಯೇ. ಹೊರಗೆ ಬಿಡದೆ ಸುರಿಯುವ ಮಳೆ. ಹುಲ್ಲಿಗೆ ಕಾಲಿಟ್ಟರೆ ಜಿಗಣೆ. ತೋಟದ ದಾರಿಯಲ್ಲಂತೂ ನಸುಕಿನಲ್ಲಿ ಆನೆ ಇದ್ದರೆ ಅನ್ನುವ ಭಯ. ಹೀಗಾಗಿ ನಮ್ಮ ಕಡೆ ಮನೆಯೊಳಗೇ ನಡೆಯುವ, ತುಳಿಯುವ ಮೆಷಿನ್‌ಗಳು ಜಾಸ್ತಿಯಾಗಿವೆ. ಒಳ್ಳೆಯದೇ. ಆದರೆ ಆ ಮನೆಯಲ್ಲೋ ಪಕ್ಕದ ಮನೆಯಲ್ಲೋ ಹ್ಯಾಮ್ ರೇಡಿಯೋ (ಲೈಸೆನ್ಸ್ ಪಡೆದ ಹವ್ಯಾಸಿಗಳು ದೂರದವರೊಂದಿಗೆ ಮಾತಾಡುವ ರೇಡಿಯೋ) ಇದ್ದರೆ, ಯಾವ ಮೆಷಿನ್ ಕೊಳ್ಳುತ್ತೀರಿ ಅನ್ನುವುದರ ಮೇಲೆ ಆ ರೇಡಿಯೋ ಕೇಳಿಸುತ್ತದೋ ಇಲ್ಲವೋ ಅನ್ನುವುದು ನಿಂತಿದೆ.

ನನಗೆ ಇದು ಗೊತ್ತಾದದ್ದು ಎರಡು ವರ್ಷದ ಹಿಂದೆ. ಗೋಣಿಕೊಪ್ಪಲು ಹತ್ತಿರದ ನಮ್ಮ ತೋಟದ ಮನೆಯಲ್ಲಿ ಹ್ಯಾಮ್‌ಗಳು ಬಳಸುವ 7 ಮೆಗಾಹರ್ಟ್ಸ್ ಬ್ಯಾಂಡ್ ತುಂಬಾ ಶಾಂತ. ಸುತ್ತ ಬರೀ ಕಾಫಿ, ಮೆಣಸು, ಸಿಲ್ವರ್ ಓಕ್. ಬರುವ ಸಿಗ್ನಲ್ಲಿನ, ಸದ್ದಿನ ಬಲವನ್ನು ಎಸ್ 1, ಎಸ್ 2 ಅಂತ ಮೆಟ್ಟಿಲುಗಳಲ್ಲಿ ತೋರಿಸುವ ಮೀಟರ್ ರೇಡಿಯೋದಲ್ಲಿದೆ. ಸಾಮಾನ್ಯ ದಿನ ಅದರ ಮುಳ್ಳು ಎಸ್ 2 ದಾಟುವುದಿಲ್ಲ. ಆ ಜುಲೈನಲ್ಲಿ ದಿನಾ ಬೆಳಗ್ಗೆ 6 ಗಂಟೆಗೆ ಸರಿಯಾಗಿ ಗೊರ್ ಅನ್ನುವ ಸದ್ದು ಶುರುವಾಗುತ್ತಿತ್ತು. ಮುಳ್ಳು ಎಸ್ 8ಕ್ಕೆ ಏರುತ್ತಿತ್ತು. 40 ನಿಮಿಷ ಆದ ಮೇಲೆ ಸ್ವಿಚ್ ಒತ್ತಿದ ಹಾಗೆ ಮಾಯ. ಎಸ್ 2ರಿಂದ ಎಸ್ 8 ಅಂದರೆ 6 ಮೆಟ್ಟಿಲು. ಒಂದೊಂದು ಮೆಟ್ಟಿಲಿಗೆ 6 ಡೆಸಿಬಲ್, ಒಟ್ಟು 36. ಸದ್ದಿನ ಶಕ್ತಿ ಸುಮಾರು 4000 ಪಟ್ಟು ಹೆಚ್ಚಾಗಿದೆ ಅಂತ ಅರ್ಥ. ದೂರದ ಸಣ್ಣ ಸಿಗ್ನಲ್ ಯಾವುದೂ ಅದರಡಿ ಬದುಕುವುದಿಲ್ಲ.

ಸಣ್ಣ ಬ್ಯಾಟರಿ ರೇಡಿಯೋ ಹಿಡಿದು ಹುಡುಕುತ್ತಾ ಹೋದೆ. ಸುಮಾರು 40 ಮೀಟರ್ ಆಚೆ ಇರುವ ಪಕ್ಕದ ಮನೆಯ ಜಗಲಿಗೆ ಬಂದು ನಿಂತೆ. ಅಲ್ಲಿರುವವರು ಸೈನ್ಯದಿಂದ ನಿವೃತ್ತರಾದ ಹಿರಿಯರು. ಮೊಣಕಾಲಿನ ಆಪರೇಷನ್ ಆದ ಮೇಲೆ ದಿನಾ ನಡೆಯಲೇಬೇಕು ಅಂತ ಡಾಕ್ಟರ್ ಹೇಳಿದ್ದರು. ಮಗಳು ಟ್ರೆಡ್‌ಮಿಲ್ ತಂದುಕೊಟ್ಟಿದ್ದರು. ನಾನು ಹಿಂಜರಿಯುತ್ತಲೇ ವಿಷಯ ಹೇಳಿದೆ. "ಇಷ್ಟು ದಿನ ಯಾಕೆ ಹೇಳಲಿಲ್ಲ ನೀನು? ಬಾ, ಒಳಗೆ ಬಾ, ಕಾಫಿ ಕುಡಿ, ಆಮೇಲೆ ಏನು ಮಾಡಬೇಕು ನೋಡೋಣ" ಅಂದರು. ಆಮೇಲಿನ ಎರಡು ಮಳೆಗಾಲ ಅವರ ಮೆಷಿನ್, ನಮ್ಮ ಮನೆಯ ಸೈಕಲ್, ಗೆಳೆಯರ ಮನೆಗಳ ಬೇರೆ ಬೇರೆ ಮೆಷಿನ್ ಎಲ್ಲದರ ಹತ್ತಿರವೂ ರೇಡಿಯೋ ಹಿಡಿದು ಕೇಳಿದ್ದೇನೆ. ಕೊಳ್ಳುವ ಮೊದಲೇ ಇದನ್ನು ಯಾರಾದರೂ ಹೇಳಿದ್ದರೆ ಇಬ್ಬರಿಗೂ ಎಷ್ಟೋ ಅನುಕೂಲ ಆಗುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಮೋಟಾರ್ ಇದೆಯಾ, ಅದನ್ನು ಆಳುವವರು ಯಾರು?

ಮೆಷಿನ್ ಎಷ್ಟು ದೊಡ್ಡದು, ಕಿವಿಗೆ ಎಷ್ಟು ಸದ್ದು ಮಾಡುತ್ತದೆ ಅನ್ನುವುದಕ್ಕೂ ರೇಡಿಯೋ ಸದ್ದಿಗೂ ಸಂಬಂಧವಿಲ್ಲ. ಕಿವಿಗೆ ಒಂಚೂರೂ ಕೇಳಿಸದ ಮೆಷಿನ್ ರೇಡಿಯೋವನ್ನು ಮುಳುಗಿಸಬಲ್ಲದು. ನೋಡಬೇಕಾದದ್ದು ಒಂದೇ. ಗೋಡೆಯ ಕರೆಂಟನ್ನು ತುಂಡು ತುಂಡು ಮಾಡಿ ಕೊಡುವ ಎಲೆಕ್ಟ್ರಾನಿಕ್ಸ್ ಒಳಗಿದೆಯಾ?

ಟ್ರೆಡ್‌ಮಿಲ್‌ನಲ್ಲಿ ಇದೆ. 230 ವೋಲ್ಟ್ ಎಸಿಯನ್ನು ಮೊದಲು ಡಿಸಿ ಮಾಡುತ್ತಾರೆ. ಅದು ಸುಮಾರು 325 ವೋಲ್ಟ್ ಆಗುತ್ತದೆ. ಬೆಲ್ಟಿನ ವೇಗ ಹೆಚ್ಚು ಕಡಿಮೆ ಮಾಡಲು ಈ ಡಿಸಿಯನ್ನು ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಮಾಡುತ್ತಾ ಮೋಟಾರಿಗೆ ಕಳುಹಿಸುತ್ತಾರೆ. ಪಿಡಬ್ಲ್ಯೂಎಂ ಅನ್ನುವುದು ಇದಕ್ಕೇ. ಒಂದೊಂದು ಸಲ ಆನ್ ಆಗುವಾಗಲೂ ವೋಲ್ಟೇಜ್ ಸರಕ್ಕನೆ ಏರುತ್ತದೆ, ಸರಕ್ಕನೆ ಇಳಿಯುತ್ತದೆ. ಏರಿಳಿತ ಚೂಪಾದಷ್ಟೂ ಅದರ ಗುಣಕಗಳು, ಅಂದರೆ ಆ ಆವರ್ತನದ ಎರಡು, ಮೂರು, ನಾಲ್ಕು ಪಟ್ಟಿನಲ್ಲಿ ಹುಟ್ಟುವ ಸದ್ದುಗಳು, ಮೇಲಕ್ಕೆ ಹೋಗುತ್ತವೆ. 20 ಕಿಲೋಹರ್ಟ್ಸ್‌ನಲ್ಲಿ ಸ್ವಿಚ್ ಆಗುವ ಬೋರ್ಡ್ ಆದರೆ 7 ಮೆಗಾಹರ್ಟ್ಸ್ ಅದರ 350ನೇ ಗುಣಕ. ಅಷ್ಟು ಮೇಲೆ ಹೋಗುವಾಗ ಬಲ ತುಂಬಾ ಕುಗ್ಗಿರುತ್ತದೆ, ನಿಜ. ಆದರೆ ನಾವು ಕೇಳುವ ಸಿಗ್ನಲ್ ಮೈಕ್ರೋವೋಲ್ಟ್ ಲೆಕ್ಕದ್ದು. ಅಲ್ಲಿಗೆ ಕುಗ್ಗಿದ್ದೂ ಬೆಟ್ಟದಷ್ಟೇ. ಮೋಟಾರಿಗೆ ಹೋಗುವ ವೈರು, ಗೋಡೆಗೆ ಹೋಗುವ ವೈರು, ಮನೆಯ ವೈರಿಂಗ್ ಎಲ್ಲವೂ ಸೇರಿ ಆಂಟೆನಾ ಆಗಿಬಿಡುತ್ತವೆ. ತೋಟದ ಮನೆಗಳಿಗೆ ಕಂಬದಿಂದ ಕಂಬಕ್ಕೆ ಉದ್ದಕ್ಕೆ ಲೈನ್ ಬಂದಿರುವುದರಿಂದ ಸದ್ದು ಅದರ ಮೇಲೂ ಸಾಗುತ್ತದೆ.

ಇದಕ್ಕೆ ನಿಯಮ ಇಲ್ಲವಾ ಅಂತ ಕೇಳಬಹುದು. ಇದೆ. ಮನೆಬಳಕೆಯ ಮೋಟಾರ್ ಸಾಧನಗಳಿಗೆ ಸಿಸ್ಪರ್ 14-1 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇದೆ. ಅದರಲ್ಲಿ 30 ಮೆಗಾಹರ್ಟ್ಸ್‌ಗಿಂತ ಕೆಳಗೆ ಅಳೆಯುವುದು ಮುಖ್ಯವಾಗಿ ಕರೆಂಟಿನ ವೈರಿಗೆ ಬರುವ ಸದ್ದನ್ನು. ಆ ಮಿತಿಯೊಳಗೆ ಇರುವ ಮೆಷಿನ್ ಕೂಡ ಹತ್ತಿರದ ಹ್ಯಾಮ್ ಆಂಟೆನಾಗೆ ಕೇಳಿಸುವಷ್ಟು ಸದ್ದು ಬಿಡಬಹುದು. ಆದ್ದರಿಂದ ಪೆಟ್ಟಿಗೆಯ ಮೇಲಿನ ಗುರುತನ್ನೇ ನಂಬಿ ಕೊಳ್ಳಬೇಡಿ.

ಸೈಕಲ್: ನನ್ನ ಮೊದಲ ಆಯ್ಕೆ

ಫ್ಲೈವೀಲ್ ಹತ್ತಿರ ಆಯಸ್ಕಾಂತ ಇರುವ ಸೈಕಲ್‌ಗಳಲ್ಲಿ, ನಾಬ್ ತಿರುಗಿಸಿದರೆ ಆಯಸ್ಕಾಂತ ಹತ್ತಿರ ಬಂದು ತುಳಿಯುವುದು ಭಾರವಾಗುತ್ತದೆ. ಇದರಲ್ಲಿ ಕರೆಂಟೇ ಇಲ್ಲ. ಮುಂದಿನ ಪುಟ್ಟ ಡಿಸ್‌ಪ್ಲೇ ಎರಡು ಪೆನ್ಸಿಲ್ ಸೆಲ್‌ನಲ್ಲಿ ನಡೆಯುತ್ತದೆ. ನಮ್ಮ ಮನೆಯದು ಈ ಥರದ್ದು. ರೇಡಿಯೋ ಇರುವ ಕೋಣೆಯಲ್ಲೇ ಇಟ್ಟಿದ್ದೇವೆ. ಮನೆಯವರು ತುಳಿಯುತ್ತಿರುವಾಗ ನಾನು ಪಕ್ಕದಲ್ಲೇ ಕೂತು ಮೋರ್ಸ್ ಕೇಳುತ್ತೇನೆ, ಮುಳ್ಳು ಅಲುಗುವುದಿಲ್ಲ. ಫೆಲ್ಟ್ ಪ್ಯಾಡ್ ಉಜ್ಜುವ ಹಳೇ ಮಾದರಿಯೂ ರೇಡಿಯೋ ಮಟ್ಟಿಗೆ ಇಷ್ಟೇ ಒಳ್ಳೆಯದು. ಕರೆಂಟ್ ಹೋದರೂ ವ್ಯಾಯಾಮ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಕೊಡಗಿನ ಕರೆಂಟನ್ನು ನಂಬಿ ಕೂತವರಿಗೆ ಇದು ಸಣ್ಣ ವಿಷಯವಲ್ಲ.

ಗೋಡೆಗೆ ಚುಚ್ಚುವ ಅಡಾಪ್ಟರ್ ಇರುವ ಸೈಕಲ್, ಎಲಿಪ್ಟಿಕಲ್ (ನಿಂತು ಕೈಕಾಲು ಎರಡೂ ಆಡಿಸುವ ಮೆಷಿನ್) ಬೇರೆ ಕಥೆ. ಅಲ್ಲಿ ತೊಂದರೆ ಕೊಡುವುದು ಮೆಷಿನ್ ಅಲ್ಲ, ಅಡಾಪ್ಟರ್. ಕೈಯಲ್ಲಿ ಹಿಡಿದು ನೋಡಿ. ಸೈಜಿಗೆ ಮೀರಿ ಭಾರವಾಗಿದ್ದರೆ ಒಳಗೆ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಇದೆ, ಸದ್ದಿಲ್ಲ. ಹಗುರವಾಗಿದ್ದರೆ ಅದು ಸ್ವಿಚಿಂಗ್ ಅಡಾಪ್ಟರ್. ಅಗ್ಗದ್ದಾದರೆ ಬ್ಯಾಂಡಿನ ಉದ್ದಕ್ಕೂ ಅಷ್ಟಷ್ಟು ದೂರಕ್ಕೆ ಒಂದೊಂದು ಸದ್ದಿನ ಗುಡ್ಡೆ ಹಾಕುತ್ತದೆ. ಪರಿಹಾರ ಸುಲಭ. ಅದೇ ವೋಲ್ಟೇಜ್, ಅದೇ ಪೋಲಾರಿಟಿ, ಸಾಕಷ್ಟು ಆಂಪಿಯರ್ ಇರುವ ಬೇರೆ ಒಳ್ಳೆಯ ಅಡಾಪ್ಟರ್ ಹಾಕಿದರೆ ಸಾಕು. ಎಲಿಪ್ಟಿಕಲ್‌ನಲ್ಲಿ ಆಯಸ್ಕಾಂತವನ್ನು ಸರಿಸುವ ಪುಟ್ಟ ಮೋಟಾರ್ ಇರುತ್ತದೆ. ಲೆವೆಲ್ ಬದಲಾಯಿಸುವಾಗ ಒಂದೆರಡು ಸೆಕೆಂಡ್ ಕರ್ ಅನ್ನುತ್ತದೆ, ಅಷ್ಟೇ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ರೋಯಿಂಗ್ ಮೆಷಿನ್ ಗಾಳಿಯದ್ದಾಗಲಿ, ನೀರಿನದ್ದಾಗಲಿ, ಆಯಸ್ಕಾಂತದ್ದಾಗಲಿ, ಸೆಲ್‌ನಲ್ಲಿ ನಡೆಯುವುದಾದರೆ ಕಣ್ಣು ಮುಚ್ಚಿ ಕೊಳ್ಳಬಹುದು. ಬ್ಲೂಟೂತ್ ಇದ್ದರೂ ಚಿಂತೆಯಿಲ್ಲ, ಅದು 2.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವುದು.

ಟ್ರೆಡ್‌ಮಿಲ್ಲೇ ಬೇಕು ಅಂದರೆ

ಕೆಲವರಿಗೆ ನಡಿಗೆಯೇ ಬೇಕು. ಪಕ್ಕದ ಮನೆಯ ಹಿರಿಯರಿಗೆ ಸೈಕಲ್ ಸೀಟಿನಿಂದ ಇಳಿಯುವುದೇ ಕಷ್ಟವಾಗಿತ್ತು. ಅಂಥವರಿಗೆ "ರೇಡಿಯೋಗೋಸ್ಕರ ಸೈಕಲ್ ತಗೊಳ್ಳಿ" ಅನ್ನುವುದು ತಪ್ಪು. ಕಾಲಿಗೆ, ಸೊಂಟಕ್ಕೆ ಯಾವುದು ಒಗ್ಗುತ್ತದೋ ಅದೇ ಮೊದಲು. ರೇಡಿಯೋ ಆಮೇಲೆ.

ಮೋಟಾರ್ ಇಲ್ಲದ ಟ್ರೆಡ್‌ಮಿಲ್ ಸಿಗುತ್ತದೆ. ಬಾಗಿದ ಬೆಲ್ಟ್ ಇರುತ್ತದೆ, ನಾವೇ ಕಾಲಿನಿಂದ ತಳ್ಳಿ ಓಡಿಸಬೇಕು. ರೇಡಿಯೋ ಸದ್ದು ಸೊನ್ನೆ. ಆದರೆ ತಳ್ಳಲು ಬಲ ಬೇಕು. ಓಡುವ ಹುಡುಗರಿಗೆ, ಹಾಕಿ ಆಡುವವರಿಗೆ ಚೆನ್ನಾಗಿದೆ. ಆಪರೇಷನ್ ಆದ ಮೊಣಕಾಲಿಗೆ ನಾನು ಹೇಳುವುದಿಲ್ಲ.

ಮೇಜಿನಡಿ ಇಡುವ ತೆಳು ವಾಕಿಂಗ್ ಪ್ಯಾಡ್ ನೋಡಲು ಪುಟ್ಟದು, ಆದರೆ ಒಳಗಿನ ಕೆಲಸ ದೊಡ್ಡ ಟ್ರೆಡ್‌ಮಿಲ್‌ನದ್ದೇ. ನಾನು ಕೇಳಿದ ಎರಡು ಪ್ಯಾಡ್‌ಗಳೂ ದೊಡ್ಡ ಮೆಷಿನ್‌ಗಿಂತ ಜಾಸ್ತಿ ಗಲಾಟೆ ಮಾಡಿದವು. ಜೊತೆಗೆ ಜನ ಅದನ್ನು ಮೇಜಿನ ಹತ್ತಿರವೇ, ಅಂದರೆ ರೇಡಿಯೋ ಪಕ್ಕವೇ ಇಡುತ್ತಾರೆ. ಹ್ಯಾಮ್ ಮನೆಗೆ ಇದು ಕೊನೆಯ ಆಯ್ಕೆಯಾಗಲಿ.

ಮಾಮೂಲಿ ಮೋಟಾರ್ ಟ್ರೆಡ್‌ಮಿಲ್ ಕೊಳ್ಳುವಾಗ ಅಂಗಡಿಗೆ ಒಂದು ಚಿಕ್ಕ ಮೀಡಿಯಂ ವೇವ್ ರೇಡಿಯೋ ತೆಗೆದುಕೊಂಡು ಹೋಗಿ. ಸ್ಟೇಷನ್ ಇಲ್ಲದ ಜಾಗಕ್ಕೆ ಟ್ಯೂನ್ ಮಾಡಿ. ಮೊದಲು ಸ್ವಿಚ್ ಮಾತ್ರ ಹಾಕಿಸಿ ಕೇಳಿ, ಆಮೇಲೆ ಬೆಲ್ಟ್ ಓಡಿಸಿ ಕೇಳಿ. ಯಾವುದೇ ಮೆಷಿನ್ ಆದರೂ ಒಂದಡಿ ಹತ್ತಿರ ಕಿರುಚುತ್ತದೆ. ಎಷ್ಟು ಹೆಜ್ಜೆ ಹಿಂದೆ ಹೋದರೆ ಸದ್ದು ನಿಲ್ಲುತ್ತದೆ ಅಂತ ಎಣಿಸಿ. ಎರಡು ಮಾದರಿಗಳ ನಡುವೆ ಇದಕ್ಕಿಂತ ಒಳ್ಳೆಯ ಹೋಲಿಕೆ ಬೇರೆ ಇಲ್ಲ. ಮೂರು ಪಿನ್‌ನ ಪ್ಲಗ್, ಲೋಹದ ಚೌಕಟ್ಟಿಗೆ ಸರಿಯಾಗಿ ಸೇರಿಸಿದ ಅರ್ಥ್ ವೈರು, ಕರೆಂಟು ಒಳಗೆ ಹೋಗುವಲ್ಲೇ ಲೋಹದ ಪೆಟ್ಟಿಗೆಯ ಫಿಲ್ಟರ್, ಈ ಮೂರೂ ಇರುವ ಮಾದರಿಗೆ ಒಂಚೂರು ಜಾಸ್ತಿ ದುಡ್ಡು ಕೊಟ್ಟರೂ ನಷ್ಟವಿಲ್ಲ.

ಬೇಲಿಯ ತಪ್ಪನ್ನು ಮೆಷಿನ್ ಮೇಲೆ ಹಾಕಬೇಡಿ

ಪಕ್ಕದ ಮನೆಯ ಬಾಗಿಲು ತಟ್ಟುವ ಮುಂಚೆ ನಿಮ್ಮ ಮನೆಯ ಮೇನ್ ಸ್ವಿಚ್ ಆಫ್ ಮಾಡಿ. ರೇಡಿಯೋವನ್ನು 12 ವೋಲ್ಟ್ ಬ್ಯಾಟರಿಯಲ್ಲಿ ನಡೆಸಿ. ಇನ್ವರ್ಟರ್ ಕೂಡ ಬಂದ್ ಮಾಡಿ. ಸದ್ದು ಹೋದರೆ ಕಳ್ಳ ನಿಮ್ಮ ಮನೆಯಲ್ಲೇ ಇದ್ದಾನೆ. ಎಲ್‌ಇಡಿ ಬಲ್ಬ್, ಫೋನ್ ಚಾರ್ಜರ್, ಇನ್ವರ್ಟರ್ ಒಂದೊಂದಾಗಿ ಹಾಕುತ್ತಾ ಬನ್ನಿ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಇದೆ, ಆನೆಗೆ ಹಾಕಿದ ಸೋಲಾರ್ ಬೇಲಿ. ಅದು ಹೆಚ್ಚು ಕಡಿಮೆ ಸೆಕೆಂಡಿಗೊಂದು ಸಲ ಕರೆಂಟಿನ ಪೆಟ್ಟು ಬಿಡುತ್ತದೆ. ಮಳೆಗಾಲದಲ್ಲಿ ಬಳ್ಳಿ, ಹುಲ್ಲು ಬೆಳೆದು ತಂತಿಗೆ ತಾಗಿದರೆ ಅಲ್ಲಿ ಕಿಡಿ ಹಾರಿ ರೇಡಿಯೋದಲ್ಲಿ ಟಕ್, ಟಕ್, ಟಕ್ ಅಂತ ಕೇಳಿಸುತ್ತದೆ. ಗಡಿಯಾರದ ಹಾಗೆ ಲಯ ಇದ್ದರೆ ಅದು ಬೇಲಿ. ತಂತಿಗೆ ತಾಗಿದ ಬಳ್ಳಿ, ಹುಲ್ಲು ಕಡಿಸಿ, ಇನ್ಸುಲೇಟರ್ ಸರಿಮಾಡಿಸಿದರೆ ಬೇಲಿಗೂ ಒಳ್ಳೆಯದು, ರೇಡಿಯೋಗೂ ಒಳ್ಳೆಯದು. ಟ್ರೆಡ್‌ಮಿಲ್ ಸದ್ದು ಹಾಗಲ್ಲ. ಒಂದೇ ಸಮನೆ ಗೊರ್ ಅನ್ನುತ್ತದೆ. ವೇಗ ಬದಲಾದರೆ ಅದರ ದನಿಯೂ ಬದಲಾಗುತ್ತದೆ.

ಪರಿಹಾರ: ಮೆಷಿನ್ ಕಡೆಯೋ, ಆಂಟೆನಾ ಕಡೆಯೋ?

ಹುಟ್ಟುವಲ್ಲೇ ತಡೆಯಬೇಕು. ನಾನು ಮೊದಲು ಉಲ್ಟಾ ಮಾಡಿ ಒಂದು ತಿಂಗಳು ಕಳೆದುಕೊಂಡೆ. ರೇಡಿಯೋದಲ್ಲಿ ಚಿಟಿಕೆಯಂಥ ಸದ್ದನ್ನು ಅಳಿಸುವ ನಾಯ್ಸ್ ಬ್ಲ್ಯಾಂಕರ್ ಹಾಕಿ ನೋಡಿದೆ. ಬೇಲಿಯ ಟಕ್ ಟಕ್‌ಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಟ್ರೆಡ್‌ಮಿಲ್‌ನ ಎಡೆಬಿಡದ ಗೊರಗೊರಕ್ಕೆ ಏನೂ ಮಾಡಲಿಲ್ಲ.

ಮೆಷಿನ್ ಕಡೆ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಫೆರೈಟ್ ಉಂಗುರ, ಅಂದರೆ ವೈರಿನ ಮೇಲೆ ಓಡುವ ರೇಡಿಯೋ ಸದ್ದನ್ನು ತಡೆಯುವ ಕಾಂತೀಯ ವಸ್ತುವಿನ ಉಂಗುರ. ಆದರೆ ಎಲ್ಲಾ ಫೆರೈಟ್ ಒಂದೇ ಅಲ್ಲ. ವೈರಿಗೆ ಕ್ಲಿಪ್ ಮಾಡುವ ಸಣ್ಣ ಫೆರೈಟ್ ಒಂದನ್ನು ಹಾಕಿ "ಏನೂ ಆಗಲಿಲ್ಲ" ಅಂತ ಬಿಟ್ಟವರನ್ನು ನೋಡಿದ್ದೇನೆ. 7 ಮೆಗಾಹರ್ಟ್ಸ್‌ನಲ್ಲಿ ಒಂದು ಸಲ ತೂರಿದ ವೈರಿಗೆ ಅದು ಒಡ್ಡುವ ತಡೆ ತುಂಬಾ ಕಡಿಮೆ. ತಡೆ ಏರುವುದು ಸುತ್ತುಗಳ ವರ್ಗದ ಲೆಕ್ಕದಲ್ಲಿ. ಎರಡು ಸುತ್ತಿಗೆ 4 ಪಟ್ಟು, ಎಂಟು ಸುತ್ತಿಗೆ ಸುಮಾರು 64 ಪಟ್ಟು. ಹಾಗಾಗಿ ದೊಡ್ಡ ಉಂಗುರ ತಗೊಂಡು ಅದರ ಮೇಲೆ ವೈರು ಸುತ್ತಬೇಕು. 2.4 ಇಂಚಿನ, 31 ಮಿಕ್ಸ್‌ನ (ಮಿಕ್ಸ್ ಅಂದರೆ ಫೆರೈಟ್ ವಸ್ತುವಿನ ಬಗೆ) ಉಂಗುರ ಎಚ್‌ಎಫ್ (3ರಿಂದ 30 ಮೆಗಾಹರ್ಟ್ಸ್) ಬ್ಯಾಂಡ್‌ಗಳಿಗೆ ಹೇಳಿಮಾಡಿಸಿದ್ದು. 43 ಮಿಕ್ಸ್ ಮೇಲಿನ ಬ್ಯಾಂಡ್‌ಗಳಿಗೆ ಚೆನ್ನಾಗಿದೆ, 3.5 ಮತ್ತು 7 ಮೆಗಾಹರ್ಟ್ಸ್‌ಗೆ 31 ಮೇಲು.

ಮೆಷಿನ್ನಿನ ವೈರನ್ನು ಕತ್ತರಿಸುವುದು ಬೇಡ, ವಾರಂಟಿ ಹೋಗುತ್ತದೆ. ನಾವು ಮಾಡಿದ್ದು ಒಂದು ಗಿಡ್ಡ ಎಕ್ಸ್‌ಟೆನ್ಷನ್. ಮೂರು ಎಳೆಯ ದಪ್ಪ ಕೇಬಲ್, ಒಂದು ತುದಿಗೆ 16 ಆಂಪಿಯರ್ ಪ್ಲಗ್, ಇನ್ನೊಂದಕ್ಕೆ 16 ಆಂಪಿಯರ್ ಸಾಕೆಟ್. ಕೇಬಲ್ಲನ್ನು ಇಡಿಯಾಗಿ, ಅಂದರೆ ಫೇಸ್, ನ್ಯೂಟ್ರಲ್, ಅರ್ಥ್ ಮೂರೂ ಒಟ್ಟಿಗೆ, ಜೋಡಿಸಿದ ಎರಡು ಉಂಗುರಗಳ ಮೇಲೆ ಎಂಟು ಸುತ್ತು ಸುತ್ತಿದೆವು. ಮೂರೂ ಒಟ್ಟಿಗೆ ಹೋಗುವುದರಿಂದ ಮೋಟಾರಿನ ದೊಡ್ಡ ಕರೆಂಟ್ ಒಂದನ್ನೊಂದು ಕಳೆದುಕೊಳ್ಳುತ್ತದೆ, ಉಂಗುರ ಬಿಸಿಯಾಗುವುದಿಲ್ಲ. ಮೂರರಲ್ಲೂ ಒಂದೇ ದಿಕ್ಕಿಗೆ ಓಡುವ ಸದ್ದಿಗೆ ಮಾತ್ರ ತಡೆ. ಇದನ್ನು ಮೆಷಿನ್ ಹತ್ತಿರವೇ ಇಡಬೇಕು, ಗೋಡೆಯ ಹತ್ತಿರ ಅಲ್ಲ. ಇಷ್ಟಕ್ಕೇ ಎಸ್ 8 ಇದ್ದದ್ದು ಎಸ್ 5ಕ್ಕೆ ಇಳಿಯಿತು.

ಉಳಿದದ್ದಕ್ಕೆ ಲೈನ್ ಫಿಲ್ಟರ್. ಫೇಸ್ ಮತ್ತು ನ್ಯೂಟ್ರಲ್ ನಡುವೆ ಓಡುವ ಸದ್ದನ್ನು ಫೆರೈಟ್ ಹೀಗೆ ಸುತ್ತಿದರೆ ಹಿಡಿಯಲಾರದು, ಫಿಲ್ಟರ್ ಹಿಡಿಯುತ್ತದೆ. ಮೆಷಿನ್ನಿನ ಪೂರ್ತಿ ಕರೆಂಟನ್ನು ತಾಳಿಕೊಳ್ಳುವ ಫಿಲ್ಟರ್ ಆಗಬೇಕು. 2 ಎಚ್‌ಪಿ ಮೋಟಾರ್ ಅಂದರೆ ಸುಮಾರು 1500 ವಾಟ್, ಆದ್ದರಿಂದ 16 ಆಂಪಿಯರ್‌ನದ್ದೇ ತಗೊಳ್ಳಿ. ಅದರ ಲೋಹದ ಕವಚ ಮೆಷಿನ್ನಿನ ಚೌಕಟ್ಟಿಗೆ ಗಟ್ಟಿಯಾಗಿ ಕೂರಬೇಕು. ಫಿಲ್ಟರ್ ಒಳಗಿನ ಕೆಪಾಸಿಟರ್ ಸ್ವಲ್ಪ ಕರೆಂಟನ್ನು ಅರ್ಥ್‌ಗೆ ಬಿಡುತ್ತದೆ. ಮನೆಯ ಅರ್ಥ್ ಸರಿ ಇಲ್ಲದಿದ್ದರೆ ಚೌಕಟ್ಟು ಮುಟ್ಟಿದಾಗ ಜುಮ್ ಅನ್ನಬಹುದು. ನಮ್ಮ ಕಡೆ ಮಳೆಗಾಲದಲ್ಲಿ ನೆಲ ನೆಂದು ಅರ್ಥ್ ಚೆನ್ನಾಗಿರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಮಣ್ಣು ಒಣಗಿದಾಗ ಎಲೆಕ್ಟ್ರಿಷಿಯನ್ ಕರೆಸಿ ಅಳೆಸಿ. ಸದ್ದು ಕಡಿಮೆಯಾಗಲಿ ಅಂತ ಅರ್ಥ್ ಪಿನ್ ತೆಗೆಯುವ ಕೆಲಸ ಯಾವತ್ತೂ ಮಾಡಬೇಡಿ. ಜೀವಕ್ಕೆ ಅಪಾಯ.

ಮೆಷಿನ್ನಿನ ಮುಚ್ಚಳ ತೆಗೆದು ಮೋಟಾರ್ ವೈರಿಗೂ ಫೆರೈಟ್ ಸುತ್ತಿದರೆ ಇನ್ನೂ ಒಳ್ಳೆಯದು. ಆದರೆ ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಸ್ವಲ್ಪ ಹೊತ್ತು 300 ವೋಲ್ಟಿಗಿಂತ ಹೆಚ್ಚು ಉಳಿದಿರಬಹುದು. ಗೊತ್ತಿರುವವರಿಂದಲೇ ಮಾಡಿಸಿ. ನಾವು ಮಾಡಿಸಿದೆವು. ಫಿಲ್ಟರ್ ಕೂಡ ಕೂತ ಮೇಲೆ ಮುಳ್ಳು ಎಸ್ 3ರ ಹತ್ತಿರ ನಿಂತಿತು.

ಆಂಟೆನಾ ಕಡೆ ಎಲ್ಲಕ್ಕಿಂತ ಅಗ್ಗದ್ದು ದೂರ. ಸದ್ದಿನ ಮೂಲದ ಹತ್ತಿರ ಇರುವಾಗ ದೂರ ಎರಡು ಪಟ್ಟಾದರೆ ಸದ್ದು ಎರಡು ಪಟ್ಟಿಗಿಂತ ಎಷ್ಟೋ ಹೆಚ್ಚು ಇಳಿಯುತ್ತದೆ. ಊರ ಮನೆಗಳಲ್ಲಿ ಇದು ಕಷ್ಟ. ಮಡಿಕೇರಿ ಪೇಟೆಯಲ್ಲಿ ಗೋಡೆಗೆ ಗೋಡೆ ತಾಗಿದ ಮನೆಯಿದ್ದರೆ ಆಂಟೆನಾ ಎಲ್ಲಿಗೆ ಒಯ್ಯುವುದು? ತೋಟದವರಿಗೆ ಆ ಭಾಗ್ಯ ಇದೆ. 7 ಮೆಗಾಹರ್ಟ್ಸ್‌ನ ಡೈಪೋಲ್ (ನಡುವೆ ಕೇಬಲ್ ಸೇರಿಸಿದ ತಂತಿಯ ಆಂಟೆನಾ) ಸುಮಾರು 20 ಮೀಟರ್ ಉದ್ದ, ಎರಡು ಸಿಲ್ವರ್ ಓಕ್ ನಡುವೆ ಆರಾಮಾಗಿ ಕೂರುತ್ತದೆ. ನಾನು ನನ್ನದನ್ನು ಮನೆಯ ಹಿಂದಿನ ಇಳಿಜಾರಿಗೆ ಒಯ್ದೆ. ಮರ ಹತ್ತಲು ಮೆಣಸು ಕೊಯ್ಯುವವರೇ ನೆರವಾದರು. ಕೇಬಲ್ ಡೈಪೋಲ್‌ಗೆ ಸೇರುವಲ್ಲಿ ಒಂದು ಚೋಕ್, ಅಂದರೆ ಫೆರೈಟ್ ಉಂಗುರದ ಮೇಲೆ ಸುತ್ತಿದ ಕೇಬಲ್, ಹಾಕಿ. ಇಲ್ಲದಿದ್ದರೆ ಕೇಬಲ್ಲಿನ ಹೊರಮೈ ಮನೆಯ ಸದ್ದನ್ನೆಲ್ಲ ಹೀರಿ ಆಂಟೆನಾಗೆ ತಲುಪಿಸುತ್ತದೆ.

ಪೇಟೆಯವರಿಗೆ ಕೇಳಲಷ್ಟೇ ಬಳಸುವ ಸಣ್ಣ ಲೂಪ್ (ಬಳೆಯಾಕಾರದ) ಆಂಟೆನಾ ಒಳ್ಳೆಯ ದಾರಿ. ತಿರುಗಿಸುತ್ತಾ ಹೋದರೆ ಒಂದು ದಿಕ್ಕಿನಲ್ಲಿ ಸದ್ದು ಹಠಾತ್ತನೆ ಕುಸಿಯುತ್ತದೆ. ಆದರೆ ಸದ್ದು ಒಂದೇ ದಿಕ್ಕಿನಿಂದ ಬರುತ್ತಿದ್ದರೆ ಮಾತ್ರ. ಇಡೀ ಮನೆಯ ವೈರಿಂಗೇ ಸದ್ದು ಮಾಡುತ್ತಿದ್ದರೆ ಲೂಪ್‌ಗೂ ದಿಕ್ಕು ಸಿಗುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು?

ಮನೆಯಲ್ಲೇ ರೇಡಿಯೋ ಇದ್ದು, ಮಂಡಿ ಚೆನ್ನಾಗಿದ್ದು, ಹೊಸದಾಗಿ ಕೊಳ್ಳುವವರಾದರೆ ಸೆಲ್‌ನಲ್ಲಿ ನಡೆಯುವ ಆಯಸ್ಕಾಂತದ ಸೈಕಲ್. ನಡಿಗೆಯೇ ಬೇಕು ಅನ್ನುವವರಿಗೆ ಅರ್ಥ್, ಫಿಲ್ಟರ್ ಸರಿ ಇರುವ ದೊಡ್ಡ ಟ್ರೆಡ್‌ಮಿಲ್, ಮತ್ತು ಅದರ ಜೊತೆಗೇ ಫೆರೈಟ್‌ನ ಖರ್ಚು. ಆ ಖರ್ಚು ಮೆಷಿನ್ ಬೆಲೆಯ ಮುಂದೆ ತುಂಬಾ ಸಣ್ಣದು. ವಾಕಿಂಗ್ ಪ್ಯಾಡ್ ಬೇಡ. ಪಕ್ಕದ ಮನೆಯವರು ಈಗಾಗಲೇ ಟ್ರೆಡ್‌ಮಿಲ್ ಕೊಂಡಿದ್ದರೆ, ಫೆರೈಟ್ ದುಡ್ಡು ನೀವೇ ಹಾಕಿ. ನಾನೂ ಹಾಗೇ ಮಾಡಿದೆ. ನೆಮ್ಮದಿಯಾಗಿ ಕೇಳಬೇಕಿರುವುದು ನಮಗೆ, ಅಲ್ವಾ?

2018ರ ಆಗಸ್ಟ್‌ನಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದು ಮಡಿಕೇರಿ-ಸಂಪಾಜೆ ರಸ್ತೆ ಮುಚ್ಚಿದ್ದನ್ನು ನಾವ್ಯಾರೂ ಮರೆತಿಲ್ಲ. ಕರೆಂಟೂ ಮೊಬೈಲೂ ಇಲ್ಲದ ಊರುಗಳಿದ್ದವು. ಅಂಥ ಹೊತ್ತಿಗೇ ಬ್ಯಾಟರಿಯಲ್ಲಿ ನಡೆಯುವ ಹ್ಯಾಮ್ ರೇಡಿಯೋ ನೆರವಿಗೆ ಬರಬಲ್ಲದು. ಕರೆಂಟ್ ಹೋದಾಗ ಟ್ರೆಡ್‌ಮಿಲ್ಲೂ ನಿಲ್ಲುತ್ತದಲ್ಲ, ಮತ್ತೆ ತೊಂದರೆ ಏನು ಅಂತ ಹಿರಿಯರು ಒಮ್ಮೆ ಕೇಳಿದರು. ಒಳ್ಳೆಯ ಪ್ರಶ್ನೆ. ಆದರೆ ಬೆಟ್ಟದ ಆಚೆಯ ದನಿಯನ್ನು ಗುರುತು ಹಿಡಿಯುವುದು, ಯಾವ ಹೊತ್ತಿಗೆ ಯಾವ ಬ್ಯಾಂಡ್ ತೆರೆಯುತ್ತದೆ ಅಂತ ತಿಳಿಯುವುದು ಎಲ್ಲ ಕರೆಂಟಿರುವ ಮಾಮೂಲಿ ದಿನಗಳಲ್ಲೇ ಕಲಿಯಬೇಕು. ಆ ಕಲಿಕೆಗೆ ಬೆಳಗಿನ ಹೊತ್ತು ಶಾಂತವಾಗಿರಬೇಕು.

ಕೊನೆಗೆ ಇನ್ನೊಂದು ಮುಖ್ಯ ವಿಷಯ. ಸದ್ದು ಆ ಕಡೆಯಿಂದ ಈ ಕಡೆಗೆ ಮಾತ್ರ ಬರುವುದಿಲ್ಲ. ನೀವು 100 ವಾಟ್‌ನಲ್ಲಿ ಕಳುಹಿಸುವಾಗ ಅದೇ ವೈರುಗಳು ನಿಮ್ಮ ಸಿಗ್ನಲ್ಲನ್ನು ಹೀರಿ ಮೆಷಿನ್ನಿನ ಬೋರ್ಡಿಗೆ ಒಯ್ಯಬಹುದು. ಬೆಲ್ಟ್ ತಟ್ಟನೆ ನಿಲ್ಲಬಹುದು, ವೇಗ ಬದಲಾಗಬಹುದು. ಹಾಗಾಗಿ ಬೆಲ್ಟ್ ಮೇಲೆ ಯಾರೂ ಇಲ್ಲದಾಗ ಪರೀಕ್ಷೆ ಮಾಡಿ. ಮೆಷಿನ್ ಓಡುತ್ತಿರಲಿ, ಒಬ್ಬರು ಪಕ್ಕದಲ್ಲಿ ನಿಂತು ನೋಡುತ್ತಿರಲಿ. ನೀವು 10 ವಾಟ್‌ನಿಂದ ಶುರು ಮಾಡಿ ಮೆಲ್ಲನೆ ಏರಿಸಿ, ನೀವು ಬಳಸುವ ಪ್ರತಿ ಬ್ಯಾಂಡಿನಲ್ಲೂ. ನಮ್ಮಲ್ಲಿ 14 ಮೆಗಾಹರ್ಟ್ಸ್‌ನಲ್ಲಿ 50 ವಾಟ್ ದಾಟಿದಾಗ ಬೆಲ್ಟ್ ನಿಂತುಬಿಟ್ಟಿತು. ಡಿಸ್‌ಪ್ಲೇಯಿಂದ ಕೆಳಗಿನ ಬೋರ್ಡಿಗೆ ಹೋಗುವ ವೈರಿಗೆ ಇನ್ನೊಂದು ಉಂಗುರ ಹಾಕಿದ ಮೇಲೆ ಸರಿಯಾಯಿತು. ಅಲ್ಲಿಯವರೆಗೆ ಅವರು ನಡೆಯುವ 40 ನಿಮಿಷ ನಾನು ಮೈಕ್ ಮುಟ್ಟುತ್ತಿರಲಿಲ್ಲ. ಎಳೆದರೆ ಬೆಲ್ಟ್ ನಿಲ್ಲಿಸುವ ಸೇಫ್ಟಿ ಕೀಯ ದಾರವನ್ನು ಅಂಗಿಗೆ ಸಿಕ್ಕಿಸಿಕೊಳ್ಳದೆ ಅವರು ಇವತ್ತಿಗೂ ಬೆಲ್ಟ್ ಹತ್ತುವುದಿಲ್ಲ.